ಬಸವಕಿರಣನ ಮಣ್ಣು

ಬೇಗಂ ಬಜಾರ್, ಹೈದರಾಬಾದ್
೧೨ ಜೂನ್ ೨೦೨೪

ಗೊಲ್ಲಾಳಪ್ಪಣ್ಣನಿಗೆ,

ನಾವೆಲ್ಲ ಕ್ಷೇಮ ಎಂದು ಶುರುಮಾಡುವ ಕಾಗದ ಇದಲ್ಲ. ಫೋನು ಮಾಡೋಣವೆಂದರೆ ನಿನ್ನ ಕಿವಿಗಳನ್ನು ತೋಪಿನ ಸದ್ದು ಎಂದೋ ನುಂಗಿಹಾಕಿದೆ. 'ಮಾಮಾಗ ಮೆಸೇಜ್ ಹಾಕವ್ವ' ಅಂದಳು ಶೈಲಶ್ರೀ. ನನ್ನ ಸಿಟ್ಟು ಅಷ್ಟು ಸಣ್ಣ ಗಾಜಿನಲ್ಲಿ ಹಿಡಿಸುವುದಿಲ್ಲ. ನೀನು ಮಿಲಿಟರಿಯಲ್ಲಿದ್ದಾಗ ಅವ್ವ ಹೇಳಿದ್ದನ್ನು ನಾನೇ ಬರೆದು ಅಂಚೆಗೆ ಹಾಕುತ್ತಿದ್ದೆ. ಏಳನೇ ಇಯತ್ತೆಯ ಅದೇ ಅಕ್ಷರದಲ್ಲಿ ಇವತ್ತು ನಿನಗೆ ಬರೆಯುತ್ತಿದ್ದೇನೆ.

ನಿನ್ನ ಸೋದರಳಿಯ, ನನ್ನ ಮಗ ಬಸವಕಿರಣ ಸತ್ತ. ಒಂಬತ್ತು ದಿನದ ಹಿಂದೆ ಫೋನು ಬಂತು. ಯಾರೋ ಹಿಂದಿಯಲ್ಲಿ ಮಾತಾಡಿದ. ಮೇ ಇಪ್ಪತ್ತೇಳಕ್ಕೆ ಬಾಂಬು ಬಿತ್ತು, ನಿಮ್ಮ ಹುಡುಗ ಉಳಿಯಲಿಲ್ಲ ಎಂದು ಹೇಳಿ ಇಟ್ಟುಬಿಟ್ಟ. ಮರಳಿ ಮಾಡಿದರೆ ಹತ್ತಲಿಲ್ಲ. ಅಡುಗೆಮನೆಯಲ್ಲಿ ಕೆಲಸ ಮಾಡುವವನ ಮೇಲೆ ಬಾಂಬು ಯಾಕೆ ಬೀಳುತ್ತದೆ ಎಂದು ನಾನು ಶೈಲಾಳನ್ನು ಕೇಳಿದೆ. ಅವಳಿಗೂ ತಿಳಿಯಲಿಲ್ಲ. ನಾವಿಬ್ಬರೂ ಪೂರಾ ಒಂದು ದಿನ ಅದು ಬೇರೆ ಯಾರದೋ ಸುದ್ದಿ ಎಂದೇ ಕೂತಿದ್ದೆವು.

ನಿನ್ನೆ ಅವನ ಟ್ರಂಕು ತೆಗೆದೆ. ಅದರಲ್ಲಿ ನಿನ್ನ ಕಾಗದ ಸಿಕ್ಕಿತು. 'ಅವ್ವನಿಗೆ ಅಡುಗೆ ಕೆಲಸ ಎಂದೇ ಹೇಳು. ಸಿಪಾಯಿ ಅಂದರೆ ಹೆದರಿ ಅಡ್ಡ ಬೀಳುತ್ತಾಳೆ. ನೀನು ಹೋಗಿ ಸೇರಿಕೊಂಡ ಮೇಲೆ ನಾನೇ ನಿಧಾನಕ್ಕೆ ತಿಳಿಸುತ್ತೇನೆ.' ನಿನ್ನದೇ ಅಕ್ಷರ, ಅಲ್ಲವೇ?

ಯಾವಾಗ ತಿಳಿಸುವವನಿದ್ದೆ? ಅವನು ಹೋಗಿದ್ದು ಜನವರಿಯಲ್ಲಿ. ಫೆಬ್ರವರಿಯಲ್ಲಿ ನಾನು ಶೇಂಗಾ ಹಿಂಡಿ ಕುಟ್ಟಿ ಪಾರ್ಸಲ್ ಮಾಡಿದೆ. ಅಲ್ಲಿಯ ಸಾಹೇಬರಿಗೆ ರೊಟ್ಟಿ ಜೊತೆ ಹಾಕಿಕೊಡು, ಕೆಲಸ ಕಾಯಂ ಆಗುತ್ತದೆ ಎಂದು ಚೀಟಿ ಬರೆದಿಟ್ಟೆ. ಅದನ್ನು ನಿನಗೂ ಬರೆದು ತಿಳಿಸಿದ್ದೆ. ನೀನು ಓದಿ ಮಡಚಿ ಇಟ್ಟೆ. ಮನೆಗೆ ಮಾರಿ, ಪರರಿಗೆ ಉಪಕಾರಿ ಅನ್ನುತ್ತಾರಲ್ಲ, ಆ ಮಾತು ನಿನ್ನ ನೋಡಿಯೇ ಕಟ್ಟಿರಬೇಕು. ನಮ್ಮ ದೇಶದ ಯುದ್ಧವೂ ಅಲ್ಲ. ಆ ದೇಶದ ಹೆಸರು ಬರೆಯಲಿಕ್ಕೂ ನನಗೆ ಮನಸ್ಸಿಲ್ಲ.

ಅವರಪ್ಪ ನಾಲ್ಕು ವರ್ಷದ ಹಿಂದೆ ಹೋದಾಗ, 'ಇನ್ನ ಮ್ಯಾಲ ಈ ಮಕ್ಕಳಿಗೆ ನಾ ಅದೀನಿ' ಎಂದು ಎಲ್ಲರ ಮುಂದೆ ಎದೆ ಮುಟ್ಟಿ ಹೇಳಿದವನು ನೀನು. ಇದ್ದು ಮಾಡಿದ್ದು ಇದು. ಇಲ್ಲಿಗೆ ಬರಬೇಡ.

ಅಂಬವ್ವ


ಸಿಂದಗಿ
೨೪ ಜೂನ್ ೨೦೨೪

ತಂಗಿ ಅಂಬವ್ವಳಿಗೆ,

ನಿನ್ನ ಕಾಗದ ಬಂದು ಐದು ದಿನವಾಯಿತು. ಬೈದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆ ಕಾಗದ ನನ್ನದೇ.

ನಡೆದದ್ದನ್ನು ಹೇಳುತ್ತೇನೆ, ಮಾಫಿ ಕೇಳಲು ಅಲ್ಲ. ನಮ್ಮ ಪಲ್ಟನ್ನಿಗೆ ಸೇರಬೇಕೆಂದು ಅವನು ಮೂರು ಸಲ ಭರ್ತಿಗೆ ಹೋಗಿದ್ದು ನಿನಗೂ ಗೊತ್ತು. ಮೂರು ಸಲವೂ ಓಟದಲ್ಲಿ ಹಿಂದೆ ಬಿದ್ದ. ಆಮೇಲೆ ವಯಸ್ಸು ಮೀರಿತು. ಮಣಿಕೊಂಡದ ಆ ದೊಡ್ಡ ಕಟ್ಟಡದ ಗೇಟಿನಲ್ಲಿ ಸೆಕ್ಯೂರಿಟಿ ಡ್ರೆಸ್ ಹಾಕಿಕೊಂಡು ನಿಂತಾಗ, ಕಾರಿನವರು ನನ್ನ ಮುಖವನ್ನೂ ನೋಡುವುದಿಲ್ಲ ಮಾಮಾ ಎಂದು ನನಗೆ ಬರೆದಿದ್ದ. ಡಿಸೆಂಬರಿನಲ್ಲಿ ಏಜೆಂಟನ ಕರಾರು ಪತ್ರ ಕಳಿಸಿದ. ಉಗ್ರಾಣದ ಡ್ಯೂಟಿ, ಸಿಪಾಯಿಯ ಬಟ್ಟೆ ಎಂದಿತ್ತು. ಉಗ್ರಾಣದಲ್ಲಿ ಇರುವವನನ್ನು ಇಲಿ ಬಿಟ್ಟರೆ ಬೇರೆ ಯಾರೂ ಕಚ್ಚುವುದಿಲ್ಲ ಎಂದು ನಾನು ನಕ್ಕು ಬರೆದೆ. ಇಪ್ಪತ್ತೆರಡು ವರ್ಷ ನೌಕರಿ ಮಾಡಿದವನು ನಾನು. ನನಗೆ ತಿಳಿಯಬೇಕಾಗಿತ್ತು.

ಮಾರ್ಚಿನಲ್ಲಿ ಬಂದೂಕು ಕೊಟ್ಟು ಮುಂದಕ್ಕೆ ಕಳಿಸಿದ್ದಾರೆ ಎಂದು ಒಂದು ಸಾಲು ಬರೆದ. ಅವತ್ತೇ ನಿನಗೆ ಹೇಳಬೇಕಾಗಿತ್ತು. ಹೇಳಿದರೆ ನೀನು ಊಟ ಬಿಡುತ್ತೀ, ಅವನಿಗಂತೂ ಬರಲಾಗುವುದಿಲ್ಲ, ಸುಮ್ಮನೆ ಯಾಕೆ ಎಂದುಕೊಂಡೆ. ನಿನ್ನ ಒಳ್ಳೆಯದಕ್ಕೇ ಮುಚ್ಚಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ನಿನ್ನ ಬಾಯಿಗೆ ಹೆದರಿದೆ.

ಒಂದೇ ಮಾತು. ಅವನನ್ನು ಕಳಿಸಿದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಅದನ್ನು ತೆರೆಯಬೇಡ. ನೌಕರಿಯಲ್ಲಿದ್ದಾಗ ಅಂಥ ಮೂರು ಪೆಟ್ಟಿಗೆಗಳ ಜೊತೆ ಅವರವರ ಊರಿಗೆ ಹೋಗಿದ್ದೇನೆ. ತೆರೆದ ತಾಯಂದಿರನ್ನೂ ನೋಡಿದ್ದೇನೆ, ತೆರೆಯದವರನ್ನೂ ನೋಡಿದ್ದೇನೆ.

ಗೊಲ್ಲಾಳಪ್ಪ


ಬೇಗಂ ಬಜಾರ್
೧೨ ಆಗಸ್ಟ್ ೨೦೨೪

ಅಣ್ಣನಿಗೆ,

ಪಂಚಮಿಗೆ ಕರೆಯಲು ಬರಬೇಡ ಎಂದಿದ್ದೆ, ನೀನು ಬರಲಿಲ್ಲ. ಒಳ್ಳೆಯದಾಯಿತು. ಬಸ್ಸಿನವನ ಕೈಯಲ್ಲಿ ಉಂಡಿ ಕಳಿಸಿದ್ದೀ. ಅವನ್ನು ಇವತ್ತು ನಾಂಪಲ್ಲಿಗೆ ಒಯ್ದು ಸಾಲಿನಲ್ಲಿ ನಿಂತವರಿಗೆ ಹಂಚಿದೆ. ತವರಿನ ಉಂಡಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ನಾಂಪಲ್ಲಿಯ ಕಚೇರಿಗೆ ಸೋಮವಾರ ಸೋಮವಾರ ಹೋಗುತ್ತೇನೆ. ಪರದೇಶದಲ್ಲಿ ಸಿಕ್ಕಿಬಿದ್ದವರ, ಸತ್ತವರ ಅರ್ಜಿಗಳನ್ನು ಅವತ್ತು ತಗೊಳ್ಳುತ್ತಾರೆ. ಅಲ್ಲಿ ಜಹೀರಾಬಾದಿನ ಪಾರ್ವತೆಮ್ಮ ಎಂಬಾಕೆ ಜೊತೆಯಾಗಿದ್ದಾಳೆ. ನಮ್ಮ ಕಡೆಯದೇ ಮಾತು. ಅವಳ ಮಗ ಯಶವಂತನನ್ನೂ ಅದೇ ಏಜೆಂಟ್ ಕಳಿಸಿದ್ದು, ಬಸವಕಿರಣನ ಜೊತೆಯಲ್ಲೇ. ಅವನ ಸುದ್ದಿ ಮೇ ತಿಂಗಳಿಂದ ಇಲ್ಲ. ಸತ್ತನೆಂದು ಫೋನೂ ಬಂದಿಲ್ಲ. 'ನಿಮಗ ಸತ್ತ ಅಂತರೆ ಹೇಳ್ಯಾರಲ್ರಿ ಅಕ್ಕಾರ, ನಾ ಏನಂತ ಅಳಲಿ?' ಅಂದಳು. ಅವಳ ಕೈಯಲ್ಲಿ ಎರಡು ಉಂಡಿ ಇಟ್ಟೆ. ಬಸ್ಸಿಗೆಂದು ಬೆಳಗಿನ ಐದಕ್ಕೆ ಮನೆ ಬಿಡುತ್ತಾಳಂತೆ. ಗಬಗಬ ತಿಂದಳು ಪಾಪ.

ನನ್ನದೂ ಶೈಲಾಳದೂ ರಕ್ತ ತಗೊಂಡಿದ್ದಾರೆ, ಹೊಂದಿಸಿ ನೋಡಲಿಕ್ಕೆ. ಅದರ ಉತ್ತರ ಬಂದಿಲ್ಲ. ಆದರೆ ಒಂದು ದೇಹದ ಕೋಟಿನ ಒಳಜೇಬಿನಲ್ಲಿ ನಮ್ಮವನ ಹೆಸರಿನ ಕಾಗದ ಸಿಕ್ಕಿದೆಯಂತೆ, ಅಷ್ಟು ಸಾಕಂತೆ, ಕಳಿಸುತ್ತಾರಂತೆ. ಅರ್ಜಿಯಲ್ಲಿ ಗುಮಾಸ್ತ ತಾನೇ 'ದಹನ' ಎಂದು ಬರೆದುಬಿಟ್ಟಿದ್ದ. ಹಿಂದೂಗಳೆಲ್ಲ ಸುಡುವವರೇ ಅಲ್ಲವೇ ಅಮ್ಮಾ ಎಂದು ತೆಲುಗಿನಲ್ಲಿ ಕೇಳಿದ. ನಮ್ಮ ಮನೆತನದಲ್ಲಿ ಇವತ್ತಿನವರೆಗೆ ಯಾರಿಗೂ ಬೆಂಕಿ ಕೊಟ್ಟಿಲ್ಲ, ಲಿಂಗಾಯತರು ನಾವು, ಅಂಗೈಯಲ್ಲಿ ಲಿಂಗ ಇಟ್ಟು ಕೂಡ್ರಿಸಿ ಮಣ್ಣು ಕೊಡುತ್ತೇವೆ ಎಂದು ನನ್ನ ಹರಕು ತೆಲುಗಿನಲ್ಲಿ ಹೇಳಿದೆ. ಪೆಟ್ಟಿಗೆಯಲ್ಲಿ ಮಲಗಿ ಬಂದದ್ದನ್ನು ಹೇಗೆ ಕೂಡ್ರಿಸುತ್ತೀರಿ ಅಂದ. ಅದು ನಮಗೆ ಬಿಟ್ಟದ್ದು, ನೀನು ಮೊದಲು ಆ ಅಕ್ಷರ ಹೊಡೆದುಹಾಕು ಅಂದೆ. ಹೊಡೆದುಹಾಕಿದ.

ನನಗೆ ಇನ್ನು ಬೇಕಾಗಿರುವುದು ಇಷ್ಟೇ. ಅವರಪ್ಪನ ಪಕ್ಕದಲ್ಲಿ ನನ್ನ ಮಗ ಕೂತಿರಬೇಕು. ಕೂಡ್ರಿಸಬೇಕಾದರೆ ಪೆಟ್ಟಿಗೆ ತೆರೆಯಲೇಬೇಕು. ನಿನ್ನ ಉಪದೇಶ ನಿನ್ನ ಹತ್ತಿರವೇ ಇರಲಿ.

ಅಂಬವ್ವ


ಸಿಂದಗಿ
೧೪ ಅಕ್ಟೋಬರ್ ೨೦೨೪

ತಂಗಿ,

ಪೆಟ್ಟಿಗೆ ಬಂದಾಗ ಮಣ್ಣಿಗೆ ಬರಬೇಡ ಎಂದು ನೀನು ಹೇಳಿ ಕಳಿಸಿದ್ದಿ. ನಾನು ಬಂದಿದ್ದೆ. ರುದ್ರಭೂಮಿಯ ಗೇಟಿನ ಹೊರಗೆ, ಹೂವಿನ ಅಂಗಡಿಯ ಬಾಜೂಕೆ ನಿಂತಿದ್ದೆ. ಇಲ್ಲಿಯ ಗಿಡದ ಪತ್ರಿ ಒಂದು ಚೀಲ ತಂದಿದ್ದೆ. ಶೈಲಾ ಬಂದು ಇಸಕೊಂಡು ಹೋದಳು. ನಿನಗೆ ಹೇಳಿರಲಿಕ್ಕಿಲ್ಲ.

ನಿನ್ನನ್ನು ದೂರದಿಂದ ನೋಡಿದೆ. ನೀನು ಅಳಲಿಲ್ಲ. ಮಣ್ಣು ಮುಗಿದ ಮೇಲೆ ಎಲ್ಲರಿಗಿಂತ ಮುಂದೆ ಬಿರಬಿರನೆ ನಡೆದು ಹೊರಬಂದೆ, ನನ್ನ ಮುಂದೆಯೇ ಹಾಯ್ದು ಹೋದೆ. ಕಂಡೂ ಕಾಣದಂತೆ ಹೋದೆ ಎಂದು ಬಸ್ಸಿನಲ್ಲಿ ಅಂದುಕೊಂಡೆ. ಈಗ ಹಾಗನ್ನಿಸುತ್ತಿಲ್ಲ. ನೀನು ಯಾರನ್ನೂ ನೋಡುತ್ತಿರಲಿಲ್ಲ.

ಅಯ್ಯನವರು ಕೂಡ್ರಿಸಿದರಂತೆ. ಶೈಲಾ ಮೆಸೇಜ್ ಹಾಕಿದ್ದಳು. ಅಷ್ಟಾಯಿತಲ್ಲ.

ಗೊಲ್ಲಾಳಪ್ಪ


ಬೇಗಂ ಬಜಾರ್
೨೫ ನವೆಂಬರ್ ೨೦೨೪

ಅಣ್ಣನಿಗೆ,

ಹೌದು, ಆಯಿತು. ಅಯ್ಯನವರು ಕೂಡ್ರಿಸಿದರು, ಹಲಗೆಗೆ ಒರಗಿಸಿ. ಕೊರಳಲ್ಲಿ ಲಿಂಗದ ಕರಡಿಗೆ ಇರಲಿಲ್ಲ, ಹೊಸ ಲಿಂಗ ತರಿಸಿ ಅಂಗೈಯಲ್ಲಿ ಇಟ್ಟರು. ಮುಖದ ಬಟ್ಟೆ ಬಿಚ್ಚಬಾರದು ಎಂದು ಕಾಗದದಲ್ಲಿ ಬರೆದಿತ್ತು, ಬಿಚ್ಚಲಿಲ್ಲ. ನಾನು ಪಾದ ತೊಳೆದೆ, ವಿಭೂತಿ ಹಚ್ಚಿದೆ. ಹೆಸರು ಕೆತ್ತಿದ ಕಲ್ಲು ಹೋದ ವಾರ ನಿಲ್ಲಿಸಿದರು. ಇನ್ನು ಅದರ ಬಗ್ಗೆ ಕೇಳಬೇಡ.

ಪಾರ್ವತೆಮ್ಮ ಮಣ್ಣಿಗೆ ಬಂದಿದ್ದಳು. ನನ್ನನ್ನು ತಬ್ಬಿಕೊಂಡು 'ನಿಮಗರೆ ಸಿಕ್ಕಾನ್ರಿ ಅಕ್ಕಾರ, ಪುಣ್ಯ ಮಾಡೀರಿ' ಎಂದು ಜೋರಾಗಿ ಅತ್ತಳು. ನನ್ನ ಪಾಲಿನ ಅಳುವನ್ನೂ ಅವಳೇ ಅತ್ತಳು ಅನ್ನು.

ನಾಂಪಲ್ಲಿಗೆ ಹೋಗುವುದನ್ನು ಬಿಟ್ಟಿದ್ದೇನೆ. ನನ್ನ ಕೆಲಸ ಮುಗಿಯಿತಲ್ಲ. ಪಾರ್ವತೆಮ್ಮ ಎರಡು ಸಲ ಫೋನು ಮಾಡಿದ್ದಳು, ಎತ್ತಲಾಗಲಿಲ್ಲ.

ಮೊನ್ನೆ ಮಾರ್ಕೆಟ್ಟಿನಿಂದ ಶೇಂಗಾ ತಂದು ಹುರಿದು ಹಿಂಡಿ ಕುಟ್ಟಿದೆ. ಯಾರಿಗವ್ವ ಇಷ್ಟು ಅಂದಳು ಶೈಲಾ. ಇರಲಿ ಅಂದೆ.

ಅಂಬವ್ವ


ಸಿಂದಗಿ
೨೦ ಜನವರಿ ೨೦೨೫

ತಂಗಿ ಅಂಬವ್ವ,

ಈ ಕಾಗದವನ್ನು ಕೂತು ಓದು. ಶೈಲಾ ಮನೆಯಲ್ಲಿದ್ದರೆ ಅವಳನ್ನೂ ಪಕ್ಕದಲ್ಲಿ ಕೂಡ್ರಿಸಿಕೋ.

ಹೋದ ಶುಕ್ರವಾರ ಹುಲಗೇಶ ಎಂಬ ಹುಡುಗ ನನ್ನ ಮನೆ ಹುಡುಕಿಕೊಂಡು ಬಂದ. ಲಿಂಗಸೂರು ಕಡೆಯವನು. ಬಸವಕಿರಣನ ಜೊತೆ ಅಲ್ಲಿ ಒಂದೇ ತುಕಡಿಯಲ್ಲಿದ್ದ. ಗಾಯವಾಗಿ ಅಲ್ಲಿಯ ಆಸ್ಪತ್ರೆಯಲ್ಲಿ ಏಳು ತಿಂಗಳು ಬಿದ್ದಿದ್ದು, ಈಗ ಬಿಡುಗಡೆಯಾಗಿ ಬಂದಿದ್ದಾನೆ. ಎಡಗೈ ಮೊಣಕೈವರೆಗೆ ಇಲ್ಲ. ನಿನ್ನ ಮುಂದೆ ನಿಲ್ಲುವ ಧೈರ್ಯವಾಗದೆ ನನ್ನ ಹತ್ತಿರ ಬಂದನಂತೆ. ನಾನು ಕಿವುಡನೆಂದು ತಿಳಿದು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ. ಹದಿಮೂರು ಪುಟ.

ಅವನು ಬರೆದದ್ದನ್ನು ನಾನು ಮುಚ್ಚುವುದಿಲ್ಲ. ಒಂದು ಸಲ ಮುಚ್ಚಿ ಅನುಭವಿಸಿದ್ದು ಸಾಕು.

ಅಲ್ಲಿ ಬಾಂಬಿಗೆ ಅಡಗಲು ಪ್ರತಿಯೊಬ್ಬನೂ ತನ್ನ ಕುಣಿ ತಾನೇ ತೋಡಿಕೊಳ್ಳಬೇಕು. ಕೂತರೆ ತಲೆ ಮುಚ್ಚುವಷ್ಟು ಆಳ, ಚೌಕು. ತೋಡುವಾಗ ಬಸವಕಿರಣ ನಗುತ್ತಿದ್ದನಂತೆ. 'ನಮ್ಮವರ ಮಣ್ಣಿನ ಕುಣಿ ಇದ್ದಂಗ ಐತಿ ನೋಡಪಾ. ಸತ್ತರ ಇದರಾಗ ಕುಂಡ್ರಿಸಿ ಮಣ್ಣು ಎಳದುಬಿಡು, ಅಯ್ಯನವರ ಖರ್ಚು ಉಳೀತು.' ಮೇ ಇಪ್ಪತ್ತೇಳರ ಬೆಳಿಗ್ಗೆ ಬಾಂಬು ಬಿತ್ತು. ಒಂದು ಚೂರು ಎದೆಗೆ ಹೊಕ್ಕು ಅವನು ಕುಣಿಯ ದಂಡೆಯ ಮೇಲೆಯೇ ಹೋದ. ಬಹಳ ನರಳಲಿಲ್ಲ ಎಂದು ಹುಲಗೇಶ ಎರಡು ಸಲ ಬರೆದು ಕೆಳಗೆ ಗೆರೆ ಎಳೆದ. ಅವನ ಮಾತನ್ನು ನೆನೆದು ಅದೇ ಕುಣಿಯಲ್ಲಿ ಕೂಡ್ರಿಸಿ, ಕೊರಳ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಮಣ್ಣು ಕೊಟ್ಟ. ಆಗ ಅವನಿಗೆ ಎರಡೂ ಕೈ ಇದ್ದವು. ಬಸವಕಿರಣನ ಕೊರಳಿನ ನಂಬರಿನ ಬಿಲ್ಲೆ ತಂದು ಕೊಟ್ಟಿದ್ದಾನೆ. ನನ್ನ ಮೇಜಿನ ಮೇಲಿದೆ.

ನೀನು ಅಕ್ಟೋಬರಿನಲ್ಲಿ ಕೂಡ್ರಿಸಿದ್ದು ನಮ್ಮ ಹುಡುಗನನ್ನಲ್ಲ ಅಂಬವ್ವ. ಅವರ ಜೊತೆ ಜ್ವರ ಬಂದು ನಡುಗುತ್ತಿದ್ದ ಇನ್ನೊಬ್ಬ ಹುಡುಗನಿದ್ದ. ಹಿಂದಿನ ದಿನ ಬಸವಕಿರಣ ತನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿದ್ದ. ಅವನೂ ಅವತ್ತೇ ಸತ್ತ, ತುಸು ದೂರದಲ್ಲಿ. ಇವರು ಹಿಂದೆ ಸರಿಯಬೇಕಾಯಿತು, ಅವನನ್ನು ಎತ್ತಲಾಗಲಿಲ್ಲ. ಆಮೇಲೆ ಯಾರೋ ಎತ್ತಿದವರು ಕೋಟಿನ ಜೇಬು ನೋಡಿದ್ದಾರೆ.

ಆ ಹುಡುಗನ ಹೆಸರು ಯಶವಂತ, ಜಹೀರಾಬಾದಿನವನು. ನೀನು ಆಗಸ್ಟಿನಲ್ಲಿ ಬರೆದದ್ದನ್ನು ತೆಗೆದು ಮತ್ತೆ ಓದಿದೆ. ಪಾರ್ವತೆಮ್ಮನ ಮಗನೇ.

ಗೊಲ್ಲಾಳಪ್ಪ


ಬೇಗಂ ಬಜಾರ್
೩ ಫೆಬ್ರವರಿ ೨೦೨೫

ಅಣ್ಣ,

ನೀನು ನನ್ನ ಮಗನನ್ನು ಎರಡು ಸಲ ಕೊಂದೆ. ಮೊದಲ ಸಲ ಮುಚ್ಚಿಟ್ಟು, ಈ ಸಲ ಬಿಚ್ಚಿ ಹೇಳಿ.

ನನಗೆ ಗೊತ್ತಿತ್ತು. ಪೆಟ್ಟಿಗೆಯಲ್ಲಿದ್ದವನು ಬಸವಕಿರಣನಲ್ಲ ಎಂದು ಅವತ್ತೇ ಗೊತ್ತಿತ್ತು. ಶೈಲಾಗೂ ಹೇಳಿಲ್ಲ, ನಿನಗೇ ಮೊದಲು ಹೇಳುತ್ತಿದ್ದೇನೆ. ನನ್ನ ಎಡಗಾಲಿನ ಎರಡನೇ ಬೆರಳು ಮೂರನೆಯದಕ್ಕೆ ಕೂಡಿಕೊಂಡಿದೆ. ನಿನ್ನದೂ ಹಾಗೆಯೇ, ಅಪ್ಪನದೂ ಹಾಗೆಯೇ ಇತ್ತು. ಬಸವಕಿರಣ ಹುಟ್ಟಿದಾಗ ಸೂಲಗಿತ್ತಿ ಅವನ ಕಾಲು ಎತ್ತಿ ಹಿಡಿದು 'ಇದು ತವರಮನಿ ಸಾಮಾನು' ಎಂದು ನಕ್ಕಿದ್ದಳು. ಅವತ್ತು ಪಾದ ತೊಳೆಯಲು ಬಟ್ಟೆ ಸರಿಸಿದರೆ ಐದೂ ಬೆರಳು ಬಿಡಿಬಿಡಿಯಾಗಿದ್ದವು.

ಆಗ ಎದ್ದು ನಿಂತು ಇವನು ನನ್ನ ಮಗನಲ್ಲ ಅನ್ನಬೇಕಾಗಿತ್ತು. ಬಾಯಿವರೆಗೆ ಬಂದಿತ್ತು. ಅಯ್ಯನವರು ಪತ್ರಿ ಹಿಡಿದು ನಿಂತಿದ್ದರು, ಮಂದಿ ನೆರೆದಿತ್ತು. ಆದರೆ ನಾನು ಸುಮ್ಮನಾದದ್ದು ಮಂದಿಯ ಸಲುವಾಗಿ ಅಲ್ಲ. ಇವನು ಅವನಲ್ಲವೆಂದರೆ ಅವನು ಬದುಕಿದ್ದಾನೆ ಎಂದು ಹೊಳೆಯಿತು. ಎಷ್ಟು ಸಂತೋಷವಾಯಿತೆಂದರೆ, ಯಾರದೋ ಹೆಣದ ಪಾದ ಹಿಡಿದುಕೊಂಡು ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದಾಳೆ ಅಂದರು.

ಆಮೇಲೆ ಲೆಕ್ಕ ಹಾಕಿದೆ, ತಾಯಿಯ ಲೆಕ್ಕ. ಅವನು ಸತ್ತ ಎಂದು ಎರಡೂ ಸರ್ಕಾರದವರು ಬರೆದುಕೊಂಡರೆ ಸತ್ತವನನ್ನು ಯಾರೂ ಹುಡುಕುವುದಿಲ್ಲ, ಸತ್ತವನ ಕೈಗೆ ಯಾರೂ ಬಂದೂಕು ಕೊಡುವುದಿಲ್ಲ. ಎಲ್ಲಿಯೋ ನುಸುಳಿ ಮನೆಗೆ ಬರುತ್ತಾನೆ. ಇವನಲ್ಲ ಎಂದು ನಾನು ಕೂಗಿದರೆ ಮತ್ತೆ ಹುಡುಕಲು ಶುರುಮಾಡುತ್ತಾರೆ, ಹಿಡಿಯುತ್ತಾರೆ, ಮುಂದಕ್ಕೆ ತಳ್ಳುತ್ತಾರೆ. ಅದಕ್ಕೇ ಅವನ ಹೆಸರಿನ ಕಲ್ಲು ನಿಲ್ಲಿಸಿದೆ. ಕಲ್ಲು ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು ಎಂದುಕೊಂಡೆ. ಶೇಂಗಾ ಹಿಂಡಿ ಯಾರಿಗೆ ಕುಟ್ಟಿದೆ ಎಂದು ಈಗ ತಿಳಿಯಿತೇ? ನಾಲ್ಕು ತಿಂಗಳು ನಾನು ಈ ಭೂಮಿಯ ಮೇಲೆ ಎಲ್ಲರಿಗಿಂತ ಸುಖಿ ಹೆಂಗಸಾಗಿದ್ದೆ. ನಿನ್ನ ಹುಲಗೇಶ ಹದಿಮೂರು ಪುಟದಲ್ಲಿ ಅದನ್ನು ಮುಗಿಸಿದ.

ಕುಣಿಯಲ್ಲಿದ್ದವನಿಗೂ ಒಬ್ಬ ತಾಯಿ ಇರುತ್ತಾಳೆ ಎಂದು ಗೊತ್ತಿತ್ತು. ಅವಳು ಯಾರೆಂದು ಗೊತ್ತಾಗದ ಹಾಗೆ ನೋಡಿಕೊಂಡೆ. ಅದಕ್ಕೇ ನಾಂಪಲ್ಲಿ ಬಿಟ್ಟೆ, ಅದಕ್ಕೇ ಫೋನು ಎತ್ತಲಿಲ್ಲ. ಈಗ ನೀನು ಹೆಸರು ಬರೆದು ಕಳಿಸಿದ್ದೀ.

ಪಾರ್ವತೆಮ್ಮನಿಗೆ ಏನೂ ತಿಳಿಸಬೇಡ. ನನ್ನ ಮಗ ಎಲ್ಲಿಯೋ ಹೆಸರಿಲ್ಲದ ಹೊಲದಲ್ಲಿ 'ಕೂತಿದ್ದಾನೆ'. ಇಲ್ಲಿ ನನಗೆ ಉಳಿದಿರುವುದು ಆ ಕಲ್ಲೊಂದೇ. ಅಮಾವಾಸ್ಯೆಗೊಮ್ಮೆ ಹೋಗಿ ಕೂಡ್ರಲು ನನಗೊಂದು ಜಾಗ ಬೇಡವೇ? ಅವಳು ಇನ್ನೂ ಕಾಯುತ್ತಿದ್ದಾಳೆ. ಕಾಯುವುದರಲ್ಲಿ ಎಂಥ ಸುಖವಿದೆ ಎಂದು ನನ್ನನ್ನು ಕೇಳು. ಅದನ್ನು ಅವಳಿಂದ ಕಸಿದು ಏನು ಕೊಡಲಿ? ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಅಂಬವ್ವ


ಸಿಂದಗಿ
೧೧ ಫೆಬ್ರವರಿ ೨೦೨೫

ತಂಗಿ,

ಹೋದ ಜೂನಿನಲ್ಲಿ ನೀನು ನನಗೆ ಬರೆದ ಕಾಗದವನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಒಂದು ಸಲ ಓದು. ನನ್ನ ಹೆಸರಿದ್ದಲ್ಲಿ ನಿನ್ನ ಹೆಸರು ಹಾಕಿಕೊಂಡು ಓದು.

ನನಗೆ ಬುದ್ಧಿ ಹೇಳುವ ಮುಖವಿಲ್ಲ. ಆದರೆ ಹೆಂಗಸೊಬ್ಬಳು ಬೆಳಗಿನ ಐದಕ್ಕೆ ಎದ್ದು ಬಸ್ಸು ಹತ್ತುವುದನ್ನು ಸುಖ ಎಂದು ಕರೆಯಬೇಡ.

ನೀನು ಹೇಳದಿದ್ದರೆ ನಾನೇ ಜಹೀರಾಬಾದಿಗೆ ಹೋಗುತ್ತೇನೆ. ಹೇಳುವವಳು ನೀನಾದರೆ ಚೆನ್ನ.

ಗೊಲ್ಲಾಳಪ್ಪ


ಬೇಗಂ ಬಜಾರ್
೧೮ ಮೇ ೨೦೨೫

ಅಣ್ಣನಿಗೆ,

ನಿನ್ನ ಮೇಲೆ ಸಿಟ್ಟು ಮಾಡಲು ಈಗ ನನಗೆ ಬಾಯಿಲ್ಲ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಓಡಿಸಿದರಂತೆ. ಆ ಜೂನಿನ ಕಾಗದ ಓದಿದೆ. ಎಷ್ಟು ಚೆನ್ನಾಗಿ ಬೈದಿದ್ದೇನೆ.

ಫೆಬ್ರವರಿ ಹದಿನೇಳಕ್ಕೆ, ಸೋಮವಾರ, ನಾಂಪಲ್ಲಿಗೆ ಹೋದೆ. ಪಾರ್ವತೆಮ್ಮ ಸಾಲಿನಲ್ಲಿದ್ದಳು. ನನ್ನನ್ನು ನೋಡಿ ಅವಳ ಮುಖ ಅರಳಿತು. 'ಅಕ್ಕಾರ, ಎಷ್ಟ ಸೊರಗೀರಿ' ಎಂದು ಕೈ ಹಿಡಿದುಕೊಂಡಳು. ಅಲ್ಲಿಯೇ, ಗೋಡೆಯ ಬದಿಗೆ ಕರೆದು ಹೇಳಿದೆ. ಕೋಟಿನ ವಿಷಯ ಹೇಳಿದೆ, ಬೆರಳಿನ ವಿಷಯ ಹೇಳಿದೆ, ನನಗೆ ಅವತ್ತೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಕೊನೆಯದನ್ನು ಹೇಳದೆ ಇರಬಹುದಿತ್ತು.

ಅವಳು ಅಳಲಿಲ್ಲ, ಬಯ್ಯಲಿಲ್ಲ. ಬೆರಳು ಮಡಚಿ ಎಣಿಸಿದಳು. 'ಮಣ್ಣಾದ ಮ್ಯಾಲ ಇವತ್ತಿಂದು ಹಿಡದು ಇಪ್ಪತ್ತ ಸೋಮವಾರ ಆದುವ್ರಿ' ಅಂದಳು. ಆಮೇಲೆ ನನ್ನ ಕೈಯನ್ನು ತನ್ನ ಕೈಯಿಂದ ಬಿಡಿಸಿ ಸಾಲಿಗೆ ಹೋಗಿ ನಿಂತಳು, ಅವತ್ತು ಕೊಡಬೇಕಾಗಿದ್ದ ಅರ್ಜಿ ಬದಲು ಬೇರೆ ಅರ್ಜಿ ಬರೆಸಲು.

ತಹಶೀಲ್ದಾರರ ಎದುರು ಕುಣಿಯನ್ನು ಎರಡು ಸಲ ಅಗೆದರು. ಮಾರ್ಚಿನಲ್ಲಿ ಒಂದು ಹಲ್ಲು ತಗೊಂಡು ಹೋದರು. ಅವಳ ರಕ್ತಕ್ಕೆ ಹೊಂದಿತು ಎಂದು ಕಾಗದ ಬಂದ ಮೇಲೆ ಮೊನ್ನೆ ಶುಕ್ರವಾರ ಅವನನ್ನು ಪೂರ್ತಿ ಹೊರಗೆ ತೆಗೆದರು. ಅವರಲ್ಲಿ ಸುಡುತ್ತಾರೆ. ಹೂತದ್ದು ಹೂತ ಹಾಗೆಯೇ ಇರಲಿ, ಕಲ್ಲಿನ ಹೆಸರು ಬದಲಿಸೋಣ ಎಂದು ನಮ್ಮ ಸಮಾಜದ ಹಿರಿಯರು ಅವಳಿಗೆ ಹೇಳಿ ನೋಡಿದರು. 'ನಿಮ್ಮ ಪದ್ಧತಿ ನಿಮ್ಮ ಮಕ್ಕಳಿಗೆ ಇರಲಿ. ನನ್ನ ಮಗ ಏಳು ತಿಂಗಳು ಮಂದಿ ಪದ್ಧತಿ ಒಳಗ ಕುಂತಾನ, ಸಾಕು' ಅಂದಳು. ನಾನು ಆ ಗುಮಾಸ್ತನಿಗೆ ಹೇಳಿದ ಮಾತೇ ಅದು.

ಬಸವಕಿರಣನ ಮರಣದ ಪ್ರಮಾಣಪತ್ರವನ್ನು ವಾಪಸು ಇಸಕೊಂಡರು. ಹುಲಗೇಶ ಬಂದು ಹೇಳಿಕೆ ಕೊಟ್ಟ, ಬಿಲ್ಲೆ ತೋರಿಸಿದ. ದೇಹವಿಲ್ಲದೆ ಬರೀ ಮಾತು ನಡೆಯುವುದಿಲ್ಲವಂತೆ. ಅವರ ಕಾಗದದ ಪ್ರಕಾರ ನನ್ನ ಮಗ ಸತ್ತಿಲ್ಲ, ಕಾಣೆಯಾಗಿದ್ದಾನೆ. ನಾನು ನಾಲ್ಕು ತಿಂಗಳು ನಂಬಿದ್ದನ್ನೇ ಸರ್ಕಾರ ಈಗ ಮುದ್ರೆ ಒತ್ತಿ ಕೊಟ್ಟಿದೆ, ನನ್ನ ನಂಬಿಕೆ ಹೋದ ಮೇಲೆ. ಕಲ್ಲನ್ನೂ ಕೀಳಿಸಿದೆ. ಅವರಪ್ಪನ ಪಕ್ಕದ ಜಾಗ ಬರಿದಾಗಿದೆ.

ಇಷ್ಟು ನಡೆದರೂ ಪಾರ್ವತೆಮ್ಮ ಫೆಬ್ರವರಿಯಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಶುಕ್ರವಾರ ಬಿಳಿ ಬಟ್ಟೆಯಲ್ಲಿ ಸುತ್ತಿ ವ್ಯಾನಿನಲ್ಲಿಟ್ಟರು. ಅವಳು ಅದರ ಪಕ್ಕದಲ್ಲಿ ಕೂತಳು. ನಾನು ಗೇಟಿನ ಹೊರಗೆ ನಿಂತಿದ್ದೆ. ಕೈ ಸನ್ನೆ ಮಾಡಿ ಕರೆದಳು. ಹೋದೆ. ಬಯ್ಯಲಿ, ಉಗುಳಲಿ ಎಂದುಕೊಂಡೇ ಹೋದೆ.

'ನನಗ ಬಿಚ್ಚಿ ತೋರಸಲಿಲ್ರಿ' ಅಂದಳು. 'ನೋಡೂ ಹಂಗ ಏನೂ ಉಳದಿಲ್ಲ ಅಂದ್ರು. ನೀವು ಅವನ ಕಾಲು ತೊಳದೀರಿ. ಆವಾಗ ಇನ್ನೂ ಕಾಲಿನಂಗ ಇದ್ದುವಲ್ರಿ?'

ಹೌದು ಅಂದೆ.

'ಬಲಗಾಲ ಹಿಮ್ಮಡಕ ಒಂದ ಸುಟ್ಟ ಕಲೆ ಇತ್ತು. ಸಣ್ಣಾಂವ ಇದ್ದಾಗ ಒಲಿ ಬೂದ್ಯಾಗ ಕಾಲಿಟ್ಟಿದ್ದ. ಹಂಗ ಇತ್ತೇನ್ರಿ ಅದು?'

ಅಣ್ಣ, ಇತ್ತು ಅಂದುಬಿಡುವುದು ಎಷ್ಟು ಸುಲಭವಿತ್ತು. ಅವಳಿಗೆ ಒಳ್ಳೆಯದೂ ಆಗುತ್ತಿತ್ತು. ಆದರೆ ಒಳ್ಳೆಯದಕ್ಕೆಂದು ನೀನೂ ನಾನೂ ಹೇಳಿದ್ದು ಸಾಕಾಗಿತ್ತು. ಅವತ್ತು ನಾನು ನೋಡಿದ್ದು ಎಡಗಾಲಿನ ಎರಡು ಬೆರಳನ್ನು. ಅವು ನನ್ನವಲ್ಲ ಎಂದು ಕಂಡ ಕೂಡಲೇ ಆ ಪಾದಗಳು ನನಗೆ ಯಾರವೂ ಅಲ್ಲದಂತಾದವು. ನೀರು ಸುರಿದೆ, ವಿಭೂತಿ ಹಚ್ಚಿದೆ. ಕಣ್ಣಿಟ್ಟು ನೋಡಲಿಲ್ಲ. ಈ ಲೋಕದಲ್ಲಿ ಆ ಹುಡುಗನ ಪಾದವನ್ನು ಕೊನೆಗೆ ಕಂಡ ಹೆಂಗಸು ನಾನೊಬ್ಬಳೇ.

'ನಾ ನೋಡಲಿಲ್ಲ ಪಾರ್ವತೆಮ್ಮಾರ' ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಡ್ರೈವರನಿಗೆ ಹೊರಡಲು ಹೇಳಿದಳು.

ನಿನ್ನ ತಂಗಿ
ಅಂಬವ್ವ